ಮರೆಪ್ಪನ ಸಂಗಡ ಹತ್ತು ಮಂದಿ

ಎಪ್ಪತ್ಮೂರನೇ ಇಸವಿ. ಘಾಟ್ಕೋಪರಿನ ಒಂದು ಬಿಲ್ಡಿಂಗ್ ಕೆಲಸದಲ್ಲಿ ಗೋಡೆ ಕಟ್ಟುವ ಗೌಂಡಿಯಾಗಿದ್ದ ಮರೆಪ್ಪ ನಾಲ್ಕು ತಿಂಗಳಿಂದ ಹೆಂಡತಿಯೊಡನೆ ಮಾತು ಬಿಟ್ಟಿದ್ದ. ಜಗಳವೇನೂ ಆಗಿರಲಿಲ್ಲ. ಸಿಮೆಂಟ್ ಚೀಲಗಳ ಹಿಂದೆ ಕೂತು ಒಬ್ಬನೇ ಅಳುತ್ತಿದ್ದ. ಯಾರಾದರೂ ಕಂಡರೆ ಕಣ್ಣಿಗೆ ಸುಣ್ಣ ಬಿತ್ತು ಅನ್ನುತ್ತಿದ್ದ. ಆ ಸೈಟಿಗೆ ಸುಣ್ಣ ಇನ್ನೂ ಬಂದೇ ಇರಲಿಲ್ಲ ಅನ್ನುವುದು ಬೇರೆ ಮಾತು. ಅಲ್ಲೇ ಗಾರೆ ಹೊರುತ್ತಿದ್ದ ಹೆಂಡತಿ ಸುಂದ್ರವ್ವ ಕೊನೆಗೆ ಹೇಳಿಬಿಟ್ಟಳು:

"ನಾ ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳು. ಬರೂ ರವಿವಾರ ನಮ್ಮಣ್ಣ ಊರಿಗೆ ಹೊಂಟಾನ. ಅವನ ಕೂಡ ಹೋಗಿಬಿಡ್ತೀನಿ."

ರವಿವಾರಕ್ಕೆ ಐದೇ ದಿನ ಉಳಿದಿತ್ತು.

ಮರೆಪ್ಪ ಮೊದಲು ಹೋದದ್ದು ಸ್ಟೇಷನ್ ಹೊರಗೆ ಡೇರೆ ಹಾಕಿದ್ದ ವೈದ್ಯನ ಹತ್ತಿರ. ಹೆಂಡತಿ ವಿಷಯ, ಮನಸ್ಸಿಗೆ ಚಿಂತೆ ಅಂದದ್ದೇ ತಡ, ಆ ಪುಣ್ಯಾತ್ಮ ಪೂರ್ತಿ ಕೇಳದೆ ಯಾವುದೋ ಬೇರು ಅರೆದು ಕುಡಿಸಿದ. ಎರಡು ದಿನ ಹೊಟ್ಟೆ ಚೊಕ್ಕವಾಯಿತು, ಚಿಂತೆ ಇದ್ದಲ್ಲೇ ಇತ್ತು. ಮೂಲೆಯ ಹೋಟೆಲಿನ ಸದಾನಂದ, ಉಡುಪಿ ಕಡೆಯವನು, ಚಹಾ ಕೊಡುತ್ತ ಹೇಳಿದ: "ಬೈಕುಲ್ಲಾದ ದವಾಖಾನೆಯಲ್ಲಿ ಮನಸ್ಸಿನ ಡಾಕ್ಟ್ರು ಉಂಟು ಮಾರಾಯ. ಮದ್ದು ಕಮ್ಮಿ, ಮಾತು ಜಾಸ್ತಿ. ಒಬ್ಬನೇ ಹೋಗಿ ಎಲ್ಲ ಹೇಳಿ ಬಾ."

ಒಬ್ಬನೇ! ನಮ್ಮ ಮಂದಿಯಲ್ಲಿ ಒಬ್ಬನೇ ದವಾಖಾನೆಗೆ ಹೋಗುವವನು ದಿಕ್ಕಿಲ್ಲದವನು ಮಾತ್ರ. ಕೂಲಿಗಳ ಮೇಲಿನ ಮುಕಾದಮ ಅಣವೀರಪ್ಪ ಕೇಳಿ ಕೆಂಡವಾದ. "ನಾವೇನು ಸತ್ತೀವೇನಲೇ?" ಶುಕ್ರವಾರ ಅಮಾವಾಸ್ಯೆ, ಕೆಲಸಕ್ಕೆ ರಜೆ. ಒಂದೇ ಊರಿನ ಹತ್ತು ಮಂದಿ ರೊಟ್ಟಿ ಬುತ್ತಿ ಕಟ್ಟಿಕೊಂಡು, ಮರೆಪ್ಪನನ್ನು ನಡುವೆ ನಿಲ್ಲಿಸಿಕೊಂಡು ಲೋಕಲ್ ರೈಲು ಹತ್ತಿದರು. ಸುಂದ್ರವ್ವನೂ ಮುಖ ಗಂಟುಹಾಕಿಕೊಂಡು ಜೊತೆಗೆ ಬಂದಳು.

ಡಾಕ್ಟರರು ತೆಳ್ಳಗಿನ ಮರಾಠಿ ಮನುಷ್ಯ. ಕೋಣೆಯೊಳಗೆ ನುಗ್ಗಿದ ಜನ ಕಂಡು ಮುಷ್ಕರದ ಮೋರ್ಚಾ ಬಂತೆಂದು ಕುರ್ಚಿಯಿಂದ ಎದ್ದೇಬಿಟ್ಟರು. ರೋಗಿ ಯಾರೆಂದು ತಿಳಿದ ಮೇಲೆ, ಕೆನ್ನೆಗೆ ಕೈಯಿಟ್ಟು ನಿದ್ದೆ ಬರುತ್ತದೆಯೇ ಎಂದು ಸನ್ನೆಯಲ್ಲೇ ಕೇಳಿದರು.

"ಗೊರಕಿ ಹೊಡೀತಾನ್ರಿ," ಅಂದ ಒಬ್ಬ.

"ಸುಳ್ಳು! ಅದು ನಿಂದು," ಅಂದ ಇನ್ನೊಬ್ಬ. ಊಟದ ವಿಷಯ ಬಂದಾಗ ಮರೆಪ್ಪ ಎಷ್ಟು ರೊಟ್ಟಿ ತಿನ್ನುತ್ತಾನೆ ಎಂಬುದರ ಮೇಲೆ ಎರಡು ಪಕ್ಷವಾಯಿತು. ಮರೆಪ್ಪನನ್ನು ಮಾತ್ರ ಯಾರೂ ಕೇಳಲಿಲ್ಲ.

ಡಾಕ್ಟರರು ತಲೆ ಹಿಡಿದುಕೊಂಡು, ಹಿಂದಿ ಬಲ್ಲವರು ಒಬ್ಬರು ಇರಿ, ಮಿಕ್ಕವರೆಲ್ಲ ಹೊರಗೆ, ಅಂದರು. ಅಣವೀರಪ್ಪ ಎದೆ ಸೆಟೆಸಿ ಮುಂದೆ ಬಂದ. ಅವನ ಹಿಂದಿ ಸೈಟಿನದು: ಉಠಾವ್, ಡಾಲೋ, ಜಲ್ದಿ, ಮತ್ತೆ ನಾಲ್ಕು ಬೈಗುಳ. ಅಷ್ಟು ಹಿಂದಿಯಲ್ಲಿ ಗೋಡೆ ಏಳಿಸಬಹುದು, ಮನಸ್ಸಿನ ಮಾತು ಏಳುವುದಿಲ್ಲ. ಮಾರ್ಕೆಟ್ಟು, ರೇಷನ್ ಅಂಗಡಿ ಎಂದು ತಿರುಗಿ ನಾಲ್ಕು ಮಾತು ಸರಿಯಾಗಿ ಕಲಿತವಳು ಸುಂದ್ರವ್ವ ಒಬ್ಬಳೇ. ಅವಳು ಉಳಿದಳು, ಬಾಗಿಲು ಮುಚ್ಚಿತು.

ಯಾರ ಮುಂದೆ ಹೇಳಲಾರದೆ ಮರೆಪ್ಪ ಇಷ್ಟು ದೂರ ಬಂದಿದ್ದನೋ, ಈಗ ಅವಳ ಬಾಯಿಂದಲೇ ಡಾಕ್ಟರಿಗೆ ಹೇಳಿಸಬೇಕು!

"ಏನು ತ್ರಾಸು ಅಂತ ಕೇಳಾಕತ್ತಾರ," ಅಂದಳು ಸುಂದ್ರವ್ವ, ಗೋಡೆ ನೋಡುತ್ತ.

"ಅಂಜಿಕಿ ಅಂತ ಹೇಳು."

ಹೇಳಿದಳು. ಯಾವುದರ ಅಂಜಿಕೆ ಎಂದು ಡಾಕ್ಟರರು ಕೇಳಿದರು. ಸುಂದ್ರವ್ವ ಅದನ್ನು ಕನ್ನಡಕ್ಕೆ ತಂದದ್ದು ಹೀಗೆ: "ಯಾವಾಕಿ ಅದಾಳ ಅಂತ ಕೇಳಾಕತ್ತಾರ."

"ಡಾಕ್ಟರು ಹಂಗ ಕೇಳಿದ್ರಾ?"

"ಹೂಂ. ಹಂಗ ಕೇಳಿದ್ರು."

"ಯಾವಾಕಿನೂ ಇಲ್ಲಂತ ಹೇಳು," ಅಂದ ಮರೆಪ್ಪ. "ನಾಕನೇ ಮಾಳಿಗಿಗೆ ಬಿದಿರು ಕಟ್ಟಿದ್ರಲ್ಲ, ಅದರ ಮ್ಯಾಲ ನಿಂತು ಒಂದಿನ ಕೆಳಗ ನೋಡಿದೆ. ನೀ ಬುಟ್ಟಿ ಹೊತ್ತು ಹೊಂಟಿದ್ದಿ. ಇಷ್ಟ ಸಣ್ಣಾಕಿ ಕಂಡಿ. ನಾ ಬಿದ್ರ ಈಕಿಗೆ ಯಾರು ಅಂತ ಬಂತು ನೋಡು, ಅವತ್ತಿಂದ ಕಾಲು ನಡಗ್ತಾವ. ಗೌಂಡಿ ಆಗಿ ಅಂಜಿಕಿ ಅಂತ ಹ್ಯಾಂಗ ಹೇಳ್ಲಿ? ಬಾಯಿ ತೆಗದ್ರ ಅಳು ಬರ್ತಿತ್ತು. ಅದಕ್ಕ ಮಾತ ಬಿಟ್ಟೆ."

ಸುಂದ್ರವ್ವ ಗೋಡೆ ಬಿಟ್ಟು ಅವನತ್ತ ತಿರುಗಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹುಚ್ಚಪ್ಯಾಲಿ! ನೀ ಮ್ಯಾಲ ಹತ್ತಿದಾಗೆಲ್ಲ ನಾ ಕೆಳಗ ಉಸುರು ಹಿಡಕೊಂಡು ಅಡ್ಡಾಡ್ತೀನಿ. ನಿನ್ನೊಬ್ಬಂದ ಏನು ಅಂಜಿಕಿ?"

ಮರೆಪ್ಪ ಏನೋ ಅಂದ. ಅವಳು ಅದಕ್ಕೆ ಇನ್ನೇನೋ ಅಂದಳು. ಅವನು ಅಳುತ್ತಲೇ ನಕ್ಕ. ಡಾಕ್ಟರರು ಪೆನ್ನು ಹಿಡಿದು ಕಾದರು, ಕಾದರು, ಕೊನೆಗೆ ಅವನೇನು ಹೇಳಿದನೆಂದು ಕೇಳಿದರು: "ಕ್ಯಾ ಬೋಲಾ?"

ಸುಂದ್ರವ್ವ ತಿರುಗಿಯೂ ನೋಡದೆ, ಸ್ವಲ್ಪ ತಡೆಯಿರೆಂದು ಕೈ ಎತ್ತಿದಳು.

"ಥೋಡಾ ಠೈರೋ ಸಾಬ್," ಅಂದಳು, ಮರೆಪ್ಪನನ್ನೂ ತನ್ನನ್ನೂ ತೋರಿಸುತ್ತ. "ಅಭೀ ಹಮ್ ದೋನೋ ಬಾತ್ ಕರ್ತಾ ಹೈ."