ಹನ್ನೊಂದು ಸೆಕೆಂಡು

ಹೋಟೆಲಿನಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಆಕೆಗೆ ಸ್ವಾಗತ ಕೌಂಟರಿನ ಕೆಲಸ ಬೇಕಿತ್ತು. ಅಲ್ಲಿ ನಿಲ್ಲಲು ಇಂಗ್ಲಿಷ್ ಮಾತಾಡಬೇಕು. ಹೋಟೆಲಿನವರು ಮೂರು ತಿಂಗಳ ತರಗತಿ ಏರ್ಪಡಿಸಿದಾಗ ಮೊದಲು ಹೆಸರು ಕೊಟ್ಟವಳು ಆಕೆಯೇ.

ಮೊದಲ ದಿನ ತರಬೇತುದಾರ ಪ್ರತಿಯೊಬ್ಬರ ವಿಡಿಯೊ ತೆಗೆದ. ಆಕೆ ಹೆಸರು ಹೇಳಿ ನಿಂತುಬಿಟ್ಟಳು. ಬಾಯಿ ತೆರೆದೇ ಇತ್ತು, ಮಾತು ಹೊರಡಲಿಲ್ಲ. ವಿಡಿಯೊದ ಲೆಕ್ಕದಲ್ಲಿ ಹನ್ನೊಂದು ಸೆಕೆಂಡು.

ಅವರವರ ವಿಡಿಯೊ ಅವರವರು ಮಾತ್ರ ನೋಡಿ ತಿದ್ದಿಕೊಳ್ಳಬೇಕು ಎಂದು ಹೇಳಿದ್ದವನೇ ಮರುದಿನ ಸಿಬ್ಬಂದಿಯ ಊಟದ ಕೋಣೆಯ ಟಿವಿಯಲ್ಲಿ ಆಕೆಯದನ್ನು ಹಾಕಿದ. “ಗಾಬರಿ ಬೇಡ, ವಿಡಿಯೊ ಕೆಟ್ಟಿಲ್ಲ. ನಿಂತಿರೋದು ಇವರೇ” ಎಂದು ಇಂಗ್ಲಿಷಿನಲ್ಲಿ ಹೇಳಿದ. ಅರ್ಥವಾದವರು ನಕ್ಕರು. ಅರ್ಥವಾಗದವರು ಅವರನ್ನು ನೋಡಿ ನಕ್ಕರು. ಲಿಫ್ಟಿನವನು ಅಷ್ಟನ್ನೂ ಫೋನಿನಲ್ಲಿ ಹಿಡಿದು ಎಲ್ಲರಿಗೂ ಕಳಿಸಿದ.

“ಏ ಹನ್ನೊಂದು, ಬೆಡ್‌ಶೀಟ್ ಆಯ್ತಾ? ಇಲ್ಲ, ಇನ್ನೂ ಲೋಡ್ ಆಗ್ತಿದ್ಯಾ?” ಅಂತ ಸಂಜೆ ಅವನೇ ಕೂಗಿದ.

“ಬಿಟ್ಟಾಕಕ್ಕ, ನಾಯಿ ಬೊಗಳಿದ್ರೆ ದೇವಲೋಕ ಹಾಳಾಗುತ್ತಾ?” ಎಂದಳು ಮನೆಯಲ್ಲಿ ತಂಗಿ.

“ದೇವಲೋಕಕ್ಕೂ ಏನೂ ಆಗಲ್ಲ, ನಾಯಿಗೂ ಏನೂ ಆಗಲ್ಲ. ಅದೇ ಕಣೇ ನನ್ನ ತಕರಾರು.”

ಯಾವುದಾದರೂ ಒಂದು ದನಿ ಆರಿಸಿಕೊಳ್ಳಿ, ಒಂದು ವಾಕ್ಯ ಕೇಳಿ, ನಿಲ್ಲಿಸಿ, ಅದೇ ಓಟದಲ್ಲಿ ಹೇಳಿ, ರೆಕಾರ್ಡ್ ಮಾಡಿ, ಹೋಲಿಸಿ ನೋಡಿ. ಇದು ತರಬೇತುದಾರನ ಪಾಠಕ್ರಮ. ಉಳಿದವರು ವಾರ್ತೆ ಓದುವವರ ದನಿ ಹಿಡಿದರು. ಆಕೆ ಹಿಡಿದದ್ದು ಅವನ ದನಿಯನ್ನೇ. ಅವನು ಉಬ್ಬಿಹೋಗಿ ತನ್ನ ಪಾಠಗಳ ಆಡಿಯೊ ಅಷ್ಟನ್ನೂ ಕೊಟ್ಟ. ಒಂದು ಅಂಗಿಯ ಇಸ್ತ್ರಿಗೆ ನಾಲ್ಕು ನಿಮಿಷ. ಕಿವಿಯಲ್ಲಿ ಇಯರ್‌ಫೋನು, ಒಂದು ಅಂಗಿಗೆ ಒಂದು ವಾಕ್ಯ. ಮೊದಲು ಪಾಠದ ವಾಕ್ಯಗಳು, ಕೊನೆಗೆ ಲಿಫ್ಟಿನವನು ಕಳಿಸಿದ್ದ ಊಟದ ಕೋಣೆಯ ವಾಕ್ಯ. ಅದನ್ನಂತೂ ಅವನು ಎಲ್ಲಿ ಉಸಿರೆಳೆದನೋ ಅಲ್ಲೇ ಉಸಿರೆಳೆದು ಹೇಳುವಷ್ಟು ತಿದ್ದಿದಳು.

ಪರೀಕ್ಷೆಯ ದಿನ ವ್ಯವಸ್ಥಾಪಕಿ ಎದುರು ಕೂತಿದ್ದರು, ಕ್ಯಾಮೆರಾ ಓಡುತ್ತಿತ್ತು. ತರಬೇತುದಾರನದು ಅತಿಥಿಯ ಪಾತ್ರ, ಕಲಿತವರದು ಕೌಂಟರಿನವರ ಪಾತ್ರ. ಆಕೆ ಇಂಗ್ಲಿಷಿನಲ್ಲಿ ಕೇಳಿದಳು, ತಾನು ಅತಿಥಿಯಾಗಬಹುದೇ ಎಂದು.

“ಅಂಕ ಇರೋದು ಕೌಂಟರ್‌ನಲ್ಲಿ ನಿಂತವರಿಗೆ ಮಾತ್ರ. ಗೊತ್ತು ತಾನೆ?” ಎಂದರು ವ್ಯವಸ್ಥಾಪಕಿ.

“ಗೊತ್ತು ಮೇಡಂ.”

ಅವನು ನಗುತ್ತ ಮೇಜಿನ ಹಿಂದೆ ನಿಂತ. ಆಕೆ ಒಂದು ರೇಷ್ಮೆ ರವಿಕೆ ಅವನ ಮುಂದಿಟ್ಟು ಇಂಗ್ಲಿಷಿನಲ್ಲಿ ಶುರು ಮಾಡಿದಳು. ರೇಷ್ಮೆಗೆ ಹತ್ತಿ ಬಟ್ಟೆಗೆ ಕೊಡುವಷ್ಟು ಬಿಸಿ ಯಾಕೆ ಕೊಟ್ಟಿರಿ? ಬಟ್ಟೆ ತೆಗೆದುಕೊಂಡಾಗ ಬರೆದ ಚೀಟಿಯ ಎರಡನೇ ಪ್ರತಿ ಯಾರ ಹತ್ತಿರ ಇದೆ? ಕಲೆ ಮೊದಲೇ ಇತ್ತೆಂದು ಯಾರು ಸಹಿ ಮಾಡಿದರು? ಕೌಂಟರಿನ ಮಾತು ಕಲಿಸುವವನು ಕೌಂಟರಿನಲ್ಲಿ ಒಂದು ದಿನವೂ ನಿಂತವನಲ್ಲ. ಎರಡು ಸಲ ಕ್ಷಮೆ ಕೇಳಿದ. ಆಮೇಲೆ ಬಾಯಿ ಕಟ್ಟಿತು.

ಆಕೆ ಹದಿನಾರು ಸೆಕೆಂಡು ಕಾದಳು. ಕ್ಯಾಮೆರಾದ ಕಡೆ ತಿರುಗಿ, ಅವನದೇ ದನಿಯ ಏರಿಳಿತದಲ್ಲಿ ಹೇಳಿದಳು: ಗಾಬರಿ ಬೇಡ, ವಿಡಿಯೊ ಕೆಟ್ಟಿಲ್ಲ, ನಿಂತಿರೋದು ಇವರೇ.

ಕೋಣೆ ನಗುವಿನಲ್ಲಿ ಮುಳುಗಿತು. ವ್ಯವಸ್ಥಾಪಕಿ ನಗಲಿಲ್ಲ. “ಇಂಗ್ಲಿಷ್ ಚೆನ್ನಾಗಿದೆ. ಆದ್ರೆ ಈ ನಾಲಿಗೇನ ಕೌಂಟರ್‌ನಲ್ಲಿ ಇಡೋಕಾಗಲ್ಲ” ಎಂದರು. ಕೆಲಸ ಅದೇ ತರಗತಿಯಲ್ಲಿದ್ದ ಹೂದಾನಿ ಜೋಡಿಸುವವಳಿಗೆ ಹೋಯಿತು.

“ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡೆಯಲ್ಲಕ್ಕಾ!” ತಂಗಿ ತಲೆ ಚಚ್ಚಿಕೊಂಡಳು.

“ಹಾಕ್ಕೊಂಡೆ. ಮೊದಲು ಅವನ ಮೇಲೆ ಬಿದ್ದು ಆಮೇಲೆ ಉರುಳ್ಕೊಂಡು ಬಂತು.”

ನಾಲ್ಕು ದಿನದ ನಂತರ ತರಬೇತುದಾರ ಒಂದು ಹಾಳೆ ಹಿಡಿದು ಇಸ್ತ್ರಿ ಮೇಜಿನ ಬಳಿಗೆ ಬಂದ. ಬೇರೆ ಹೋಟೆಲುಗಳು ಇಲ್ಲಿನ ಪರೀಕ್ಷೆಯ ವಿಡಿಯೊ ತರಿಸಿ ನೋಡಿಯೇ ಅವನಿಗೆ ತರಗತಿ ಕೊಡುತ್ತಿದ್ದವು. ವಿಡಿಯೊ ಅಳಿಸಬೇಕೆಂದರೆ ಅದರಲ್ಲಿರುವ ಇಬ್ಬರೂ ಆ ಹಾಳೆಗೆ ಸಹಿ ಹಾಕಬೇಕು.

“ನೋಡಿ ಮ್ಯಾಡಂ, ಇಬ್ಬರಿಗೂ ಒಳ್ಳೇದಲ್ವಾ? ಆಗಿದ್ದು ಆಗೋಯ್ತು.”

ಅವನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಆಕೆ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ, ಹಾಳೆ ತೆಗೆದುಕೊಂಡು, ಇಂಗ್ಲಿಷಿನಲ್ಲಿದ್ದ ಅಷ್ಟನ್ನೂ ಗಟ್ಟಿಯಾಗಿ ಓದಿದಳು. ಅವಸರ ಮಾಡಲಿಲ್ಲ, ಎಲ್ಲೂ ತಡವರಿಸಲಿಲ್ಲ. ಒಗೆಯುವವರು ಯಂತ್ರ ನಿಲ್ಲಿಸಿ ಕೇಳಿದರು.

“ಉಚ್ಚಾರಣೆ ಸರಿ ಇತ್ತಾ ಸರ್?”

ಅವನು ಹೌದೆಂದು ತಲೆಯಾಡಿಸಿದ.

“ಸರಿ ಹಾಗಾದ್ರೆ” ಎಂದು ಸಹಿಯಿಲ್ಲದ ಹಾಳೆಯನ್ನು ಅವನ ಕೈಗೆ ಕೊಟ್ಟು, ಆಕೆ ಮುಂದಿನ ಅಂಗಿ ಹರವಿದಳು.