ಮುಂಗಡ ಸಹಿ

ನಮ್ಮ ಗುಡಗೇರಿ ಕೇಂದ್ರದ ಗೋಡೆಯ ಮೇಲೊಂದು ಬಿಳಿ ಬೋರ್ಡಿದೆ. 'ತಡವಾದ ಕೆಲಸ: 0' ಎಂದು ಏಳು ತಿಂಗಳಿಂದ ಅದರಲ್ಲಿ ಬರೆದೇ ಇತ್ತು. ಆ ಸೊನ್ನೆ ಕಂಡರೆ ನಮ್ಮ ಮುಖ್ಯಸ್ಥ ಪ್ರತಾಪನಿಗೆ ಹೆತ್ತ ಕೂಸು ಕಂಡಷ್ಟು ಖುಷಿ. ನಾವು ಆರು ಜನ ಇಲ್ಲಿ ಕೂತು ದೂರದ ಊರಿನ ಆಸ್ಪತ್ರೆಯೊಂದರ ಹಳೆಯ ಸಾಫ್ಟ್‌ವೇರ್ ರಿಪೇರಿ ಮಾಡುತ್ತೇವೆ. ಎಷ್ಟು ತೂಕದ ಮಗುವಿಗೆ ಔಷಧಿ ಎಷ್ಟು ಎಂಬ ಚೀಟಿ ಅದರಿಂದಲೇ ಬರುತ್ತದೆ.

ಸೋಮವಾರ ಪರೀಕ್ಷಕರು ಬರುವವರಿದ್ದರು. ನಮ್ಮ ಕೆಲಸದ ಪದ್ಧತಿ ನೋಡಿ ಒಂದು, ಎರಡು ದಾಟಿ ಮೂರನೇ ಮಟ್ಟ ಮುಟ್ಟಿದ್ದೇವೆ ಎಂದರೆ ಕೇಂದ್ರ ಉಳಿಯುತ್ತದೆ, ಇಲ್ಲವಾದರೆ ಬೀಗ. ಈ ಊರಲ್ಲಿ ನನಗೆ ಇನ್ನೊಂದು ಇಂಥ ನೌಕರಿ ಎಲ್ಲಿಂದ ಬರಬೇಕು?

ಪದ್ಧತಿ ಸರಳ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಕಂಪ್ಯೂಟರಿನಲ್ಲಿ ಓಡಿಸಿ ನೋಡಿ ಹಾಳೆಗೆ ಸಹಿ ಹಾಕಬೇಕು. ಆದರೆ ಸಂತೆಯ ದಿನ ಮೂರಾದರೆ ಸಾಕು, ಎಲ್ಲರ ಕಾಲೂ ಹೊರಗೆ. ಅದಕ್ಕೆ ಬೆಳಿಗ್ಗೆಯೇ ಖಾಲಿ ಹಾಳೆಗಳಿಗೆ ಸಹಿ ಹಾಕಿಡುವ ಜಾಣತನ ಕಂಡುಕೊಂಡೆವು. ಸಂತೆಯ ದಿನದ ಆ ಚಾಳಿ ಮೆಲ್ಲಗೆ ಆರೂ ದಿನಕ್ಕೆ ಹಬ್ಬಿತು. ಹಾಳೆ ಅಚ್ಚುಕಟ್ಟು, ಬೋರ್ಡಿನಲ್ಲಿ ಸೊನ್ನೆ. ನಮ್ಮ ಜಾಣತನಕ್ಕೆ ಬೆಂಕಿ ಹಾಕಬೇಕು.

ಅಂದೂ ಸಂತೆ. ನನ್ನ ಜೊತೆಗಾರ ಹುಲಿಗೇಶ ಮಾಡಿದ ತಿದ್ದುಪಡಿ ಐದಕ್ಕೆ ಆಸ್ಪತ್ರೆಗೆ ಹೋಗಬೇಕಿತ್ತು.

"ಸುಮಕ್ಕಾ, ನಿಮ್ಮ ಸಹಿ ಮುಂಜಾನೇನ ಆಗೇತಲ್ಲ. ಐದಕ್ಕ ಕಳಸಿಬಿಡ್ರಿ," ಎಂದು ಚೀಲ ಹಿಡಿದು ಹೊರಟೇಬಿಟ್ಟ.

ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಕಳಿಸಲು ಕೈ ಬರಲಿಲ್ಲ. ಬೆಳಿಗ್ಗೆ ಹೊಲದಲ್ಲಿ ಕಡಲೆ ಬಿತ್ತುವಾಗ ಅತ್ತೆ ಬಸವಣ್ಣೆವ್ವ ಕೂರಿಗೆಯ ಹಿಂದೆಯೇ ನಡೆದು, ಹತ್ತು ಹೆಜ್ಜೆಗೊಮ್ಮೆ ಮಣ್ಣು ಕೆದರಿ ನೋಡುತ್ತಿದ್ದಳು. ಕೂರಿಗೆ ಹೊಡೆಯುತ್ತಿದ್ದ ಮಾವ, "ನನ್ನ ಮ್ಯಾಲೆ ನಂಬಿಕಿ ಇಲ್ಲೇನಬೇ?" ಎಂದಿದ್ದ.

"ನಿನ್ನ ಮ್ಯಾಲೆ ಐತಿ. ಬೀಜ ಇಳಿಯೂ ಕೊಳವಿಗೆ ಮಣ್ಣು ಮೆತ್ತಿದ್ರ ನಿನಗೇನ ಗೊತ್ತಾಗತೈತಿ? ಎಂಟು ದಿನಕ್ಕ ಸಾಲು ಬೋಳಾದಾಗ ಗೊತ್ತಾಗತೈತಿ."

ಓಡಿಸಿ ನೋಡಿದೆ. ಸುಳ್ಳು ಹೆಸರಿನ ಎರಡು ಮಕ್ಕಳನ್ನು ಸೇರಿಸಿ, ಮೊದಲ ಮಗುವಿಗೆ ಹದಿನಾಲ್ಕು ಕಿಲೋ ತೂಕ ಕೊಟ್ಟೆ. ಚೀಟಿ ಸರಿಯಾಗಿತ್ತು. ಎರಡನೇ ಮಗುವಿನ ತೂಕ ಬೇಕೆಂದೇ ಖಾಲಿ ಬಿಟ್ಟೆ. 'ತೂಕ ಬರೆಯಿರಿ' ಎಂದು ಅದು ತಡೆಯಬೇಕಿತ್ತು. ತಡೆಯಲಿಲ್ಲ. ಹಿಂದಿನ ಮಗುವಿನ ಹದಿನಾಲ್ಕನ್ನೇ ಹಿಡಿದು ಚೀಟಿ ಕೊಟ್ಟಿತು. ಎರಡನೆಯದಕ್ಕೆ ನಾನು ಬರೆದ ವಯಸ್ಸು ಬರೀ ಮೂರು ತಿಂಗಳು.

ಪ್ರತಾಪನನ್ನು ಕರೆದು ತೋರಿಸಿದೆ. ಅವನು ಚೀಟಿ ನೋಡಿದ, ಬೋರ್ಡು ನೋಡಿದ.

"ಇದು ತಡಾ ಆಗತೈತ್ರಿ," ಎಂದೆ.

"ಆಗಲಿ. ಇದನ್ನ ಕಳಸಬ್ಯಾಡ್ರಿ." ಅಂಗೈಯಿಂದಲೇ ಸೊನ್ನೆ ಒರೆಸಿ ಒಂದು ಬರೆದ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಪ್ರತಾಪ್ ಸರ್, ಹಿಂದ ಕಳಿಸಿದ್ದು ನಲವತ್ತೆರಡು ಅದಾವ್ರಿ. ಅವಕ್ಕೂ ಹಿಂಗ ಸಹಿ ಮಾಡೇವಿ."

ಅವನು ಕುರ್ಚಿಯಲ್ಲಿ ಕೂತ. "ಸೋಮವಾರ ಮುಗೀಲಿ, ಆಮ್ಯಾಲೆ ನೋಡೂಣು."

"ಸೋಮವಾರದ ತನಕ ಅಲ್ಲೆ ಚೀಟಿ ನಿಂದರತಾವೇನ್ರಿ?"

ಅವನು ಫೋನ್ ತೆಗೆದು ಆಸ್ಪತ್ರೆಯ ನಂಬರಿಗೆ ಹಚ್ಚಿದ. ಅತ್ತ ಗಂಟೆ ಹೊಡೆಯುತ್ತಿದ್ದಾಗಲೇ ನಾನು ಕಪಾಟಿನಿಂದ ಹಾಳೆಗಳ ಕಟ್ಟು ಇಳಿಸಿ, ಎಲ್ಲಕ್ಕಿಂತ ಹಳೆಯದನ್ನು ಬಿಚ್ಚಿದೆ. ಏಳು ತಿಂಗಳಿಂದ ಆಸ್ಪತ್ರೆಯಲ್ಲಿ ಓಡುತ್ತಿದ್ದ ತಿದ್ದುಪಡಿ. 'ಓಡಿಸಿ ನೋಡಿದವರು: ಸುಮಂಗಲಾ' ಎಂದಿತ್ತು, ಕೆಳಗೆ ನನ್ನದೇ ದುಂಡು ಸಹಿ. ಆ ತಿದ್ದುಪಡಿಯನ್ನು ನಾನು ಕಣ್ಣಿನಿಂದ ನೋಡಿದ್ದು ಅಂದೇ ಮೊದಲು.