ಸರ್ಪಸುತ್ತಿನ ಅಳತೆ

"ಅಲ್ಲಾಡಬೇಡ," ಎಂದರು ಪರಮಶಿವಯ್ಯ. ಹೆಂಡತಿಯ ಬೆನ್ನುಮೂಳೆಯಿಂದ ಎಡಪಕ್ಕೆಯ ಮೇಲೆ ದಾರ ಹಾಯಿಸಿ, ಕೊನೆಯ ಗುಳ್ಳೆಯ ಬಳಿ ಉಗುರೊತ್ತಿ, ಅಡಿಕೋಲಿಗೆ ಹಿಡಿದರು. ಹದಿನಾಲ್ಕು ಅಂಗುಲ. ನಿನ್ನೆ ಹತ್ತು, ಮೊನ್ನೆ ಆರು.

ಗುಳ್ಳೆಗಳಿಗೆ ಕೆಮ್ಮಣ್ಣು ಹಚ್ಚಿ ಹೊರಟ ಪಕ್ಕದ ಮನೆಯ ಅಕ್ಕಯಮ್ಮ ಹೊಸಿಲ ಬಳಿ ದನಿ ತಗ್ಗಿಸಿದಳು. "ಸರ್ಪಸುತ್ತು ಮೇಷ್ಟ್ರೇ. ಸುತ್ತು ಹಾಕ್ಕೊಂಡು ತಲೆ ಬಾಲ ಕೂಡಿದ್ರೆ ಮುಗೀತು. ಮಗಳನ್ನ ಕರೆಸ್ಬಿಡಿ."

ಮೂವತ್ತು ವರ್ಷ ಚಾಮರಾಜಪೇಟೆಯ ಶಾಲೆಯಲ್ಲಿ ಅಂಕಗಣಿತ ಕಲಿಸಿದವರು ಅವರು. ಸೊಂಟ ಮೂವತ್ತು ಅಂಗುಲ, ಉಳಿದದ್ದು ಹದಿನಾರು, ದಿನಕ್ಕೆ ನಾಲ್ಕು. ಇಂದು ಮಂಗಳವಾರ, ಶನಿವಾರ ಕೂಡುತ್ತದೆ. ಮಗಳು ಸರ್ವಮಂಗಳಾ ಶಿವಮೊಗ್ಗದಲ್ಲಿ ಎಂಟು ತಿಂಗಳ ಬಸುರಿ. ಹಿಂದಿನ ಸಲ ರೈಲು ಪ್ರಯಾಣದಲ್ಲೇ ಗರ್ಭಪಾತವಾಗಿತ್ತು. ತಂತಿ ತಲುಪಿದರೆ ಅವಳು ನಿಲ್ಲುವವಳಲ್ಲ.

ಅವರು ನಡುಮನೆಯಲ್ಲಿ ಅತ್ತಿಂದಿತ್ತ ನಡೆದರು.

"ಹೆಸರು ಪರಮಶಿವಯ್ಯ, ಒಂದು ಹಾವಿಗೆ ಹಿಂಗೆ ಹೆದರ್ತೀರಲ್ಲ!" ಎಂದ ಹೆಂಡತಿ ಗುರುಬಸಮ್ಮ ನಗಲು ಹೋಗಿ ಉರಿಗೆ ಹಲ್ಲು ಕಚ್ಚಿದಳು. "ಅವಳನ್ನ ಕರೆಸ್ಬೇಡಿ." ಮುಖವನ್ನು ಗೋಡೆಯತ್ತ ತಿರುಗಿಸಿ, "ಒಂದ್ಸಲ ನೋಡ್ಬೇಕು ಅನ್ಸುತ್ತೆ," ಎಂದಳು.

ಅವರು ಅಂಚೆ ಕಚೇರಿಗೆ ಹೋಗಿ ತಂತಿಯ ನಮೂನೆ ತುಂಬಿದರು. ಕೊಡದೆ ಜೇಬಿಗಿಟ್ಟು, ಡಾಕ್ಟರ್ ರಾಮಾಂಜಿನಪ್ಪನವರಲ್ಲಿಗೆ ನಡೆದರು. ಕುರ್ಚಿ ತೋರಿಸಿದರೂ ಕೂರದೆ, ಸರ್ಪಸುತ್ತಿನ ವಿಷಯ, ಮಗಳಿಗೆ ಕೊಡಬೇಕೆಂದಿದ್ದ ತಂತಿಯ ವಿಷಯ ಎರಡನ್ನೂ ನಿಂತೇ ಹೇಳಿದರು.

"ನಮ್ಮ ಡಾಕ್ಟರಿ ಪುಸ್ತಕದಲ್ಲಿರೋ ಹೆಸರಿಗೂ ನಡುಪಟ್ಟಿ ಅಂತಲೇ ಅರ್ಥ, ಮೇಷ್ಟ್ರೇ. ಹೆಸರಿಟ್ಟೋರೆಲ್ಲ ಒಂದು ಪಕ್ಕ ನೋಡಿ ಹೆದರಿದೋರು. ನರ ಬೆನ್ನಿಂದ ಹೊರಟು ಹೊಕ್ಕುಳ ಹತ್ರ ಮುಗಿಯುತ್ತೆ. ಅದರಾಚೆ ಇದಕ್ಕೆ ದಾರಿಯಿಲ್ಲ."

"ದಿನಕ್ಕೆ ನಾಲ್ಕಂಗುಲ ಬರ್ತಿದೆ. ಅಳೆದಿದ್ದೀನಿ."

"ಲೆಕ್ಕ ಸರಿ. ಹೆಸರು ನಂಬಿ ಮಾಡಿದ್ದೀರಿ, ಅಷ್ಟೇ. ನಾಳೆ ಬೆಳಿಗ್ಗೆ ನೋಡಿ, ಆಮೇಲೆ ತಂತಿ ಕೊಡಿ."

ಒಂದು ದಿನ ಕಾದರೆ ಮಗಳು ಬರುವುದು ಒಂದು ದಿನ ತಡ. ನಮೂನೆ ಜೇಬಿನಲ್ಲೇ ಉಳಿಯಿತು.

ಬುಧವಾರ, ಲೆಕ್ಕದಂತೆ, ಹದಿನೆಂಟು ಆಗಬೇಕು. ಬೆಳಕು ಹರಿಯುತ್ತಲೇ, ಅಂಚೆ ಕಚೇರಿಗೆ ಹೊರಡಲು ಕೋಟು ತೊಟ್ಟು ನಿಂತು ಅಳೆದರು. ಹದಿನೈದು. ಮತ್ತೆ ಅಳೆದರು. ಹದಿನೈದು, ಹೊಕ್ಕುಳಿನ ಅಂಚು. ದಾರವನ್ನು ನಂಬದೆ ಬೆರಳಿಟ್ಟು ನೋಡಿದರು. ಕೊನೆಯ ಗುಳ್ಳೆಯ ಆಚೆ ಚರ್ಮ ನುಣ್ಣಗೆ, ಬೆಚ್ಚಗೆ ಇತ್ತು.

"ಕೈ ತಣ್ಣಗಿದೆ, ತೆಗೀರಿ," ಎಂದಳು ಗುರುಬಸಮ್ಮ.

ಅವರು ತೆಗೆಯಲಿಲ್ಲ.